ತಿದ್ದು

ಮೂವತ್ತೊಂದು ವರ್ಷ
ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಗಳಲ್ಲಿ
ಕೆಂಪು ಶಾಯಿ ಖರ್ಚು ಮಾಡಿದವನು ನಾನು.
ನಿವೃತ್ತಿಯ ದಿನ ಹೊದಿಸಿದ ಶಾಲು ಟ್ರಂಕಿನಲ್ಲಿದೆ,
ಪೆನ್ನು ಮಾತ್ರ ಕಿಸೆ ಬಿಟ್ಟಿಲ್ಲ.

ಸುಗ್ಗಿ ಕಾಣಿಕೆಯ ಲೆಕ್ಕದಲ್ಲಿ
ಹದಿನೆಂಟು ನೂರು ಕಡಿಮೆ ಬಂತು.
ತೆಗೆದುಕೊಂಡವನು ಎಲೀಷ,
ನಮ್ಮ ಸಭೆಯ ಡೋಲಕಿ ಹುಡುಗ, ಸುವಾರ್ತವ್ವನ ಮಗ.
ಮುಚ್ಚಿಡಲಿಲ್ಲ, ಕೇಳಿದ ಕೂಡಲೆ ಹೂಂ ಅಂದ.
ಅಷ್ಟಕ್ಕೆ ಬಿಡಬಹುದಿತ್ತು.

ಆರಾಧನೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುವ ಹೊತ್ತು
ನಿಲ್ಲಿಸಿದೆ. ಎಲ್ಲರನ್ನೂ.
ಅವನನ್ನು ಬಾಗಿಲ ಬಳಿ, ಮಕ್ಕಳ ಎದುರಿಗೆ.
ಯೂದನ ಹೆಸರು ತಂದೆ, ಹಣದ ಚೀಲದ ಮಾತು ತಂದೆ,
ತೀರಿಹೋದ ಅವನ ಅಪ್ಪನನ್ನೂ ಎಳೆದು ತಂದೆ.
ಆಡಿದ್ದರಲ್ಲಿ ಸುಳ್ಳಿರಲಿಲ್ಲ.
ಒಂದು ಕಾಗುಣಿತ ಕೂಡ ತಪ್ಪಿರಲಿಲ್ಲ.
ಮನೆಗೆ ಬಂದು ಒಂದು ರೊಟ್ಟಿ ಹೆಚ್ಚೇ ತಿಂದೆ.

ಮೂರು ರವಿವಾರ ಡೋಲಕಿ ಗೂಟದಿಂದ ಇಳಿಯಲಿಲ್ಲ.
ಚಪ್ಪಾಳೆಯ ಮೇಲೆಯೇ ಹಾಡಿದೆವು,
ಒಬ್ಬೊಬ್ಬರದು ಒಂದೊಂದು ಲಯ.
ಪಾಸ್ಟರಮ್ಮ ನನ್ನ ಕಡೆ ನೋಡದೆ ಚಹಾ ಕೊಟ್ಟಳು.

ನಾಲ್ಕನೆಯ ವಾರ, ಶುಕ್ರವಾರದ ಸಂಜೆ,
ಸುವಾರ್ತವ್ವ ನಮ್ಮ ಕಟ್ಟೆಗೆ ಬಂದಳು,
ಜಗಳಕ್ಕಲ್ಲ, ಸೇಂಗಾ ಕೊಡಲಿಕ್ಕೆ.
"ಮಾಸ್ತರ್ರೀ, ನನಗ ಓದಾಕ ಬರಂಗಿಲ್ಲ.
ಒಂದು ನೆನಪೈತಿ ನೋಡ್ರಿ.
ನಮ್ಮ ಎಲೀಷ ಮರಾಠಿ ಅ, ಕನ್ನಡದ ಅ ಎರಡೂ ಕೂಡಿಸಿ
ಯಾವ ಭಾಷಾದಾಗೂ ಇಲ್ಲದ್ದೊಂದು ಅಕ್ಷರ ಬರೀತಿದ್ದ.
ನೀವು ನಕ್ಕಿರಿ. ಅವನ ಹಿಂದ ಕುಂತು
ಬಟ್ಟು ಹಿಡದು ಉಸುಕಿನ್ಯಾಗ ತಿದ್ದಿಸಿದ್ರಿ.
ಎಷ್ಟು ಸಲ ಅಂತ ಕಿಡಕ್ಯಾಗಿಂದ ಎಣಸಾಕ ಹತ್ತಿದ್ದೆ,
ಎಣಿಕಿ ತಪ್ತು."
ಅಷ್ಟೇ. ಸೇಂಗಾ ಸುರಿದು, ಚೀಲ ಝಾಡಿಸಿ ಹೋದಳು.

ತಿದ್ದು.
ಎಷ್ಟು ವರ್ಷ ಕಲಿಸಿದ ಧಾತು ಇದು.
ಕೆಂಪು ಗೆರೆ ಎಳೆದು ವಹಿ ದೂರ ಸರಿಸಿದರೂ ತಿದ್ದು,
ಎಳೆಯ ಬೆರಳ ಮೇಲೆ ನನ್ನ ಬೆರಳಿಟ್ಟು
ಅದೇ ಗೆರೆಯ ಮೇಲೆ ಮತ್ತೆ ಮತ್ತೆ ನಡೆದರೂ ತಿದ್ದು.
ಎರಡಕ್ಕೂ ಒಂದೇ ಮಾತಿಟ್ಟ ನಮ್ಮ ಭಾಷೆ
ಇಷ್ಟು ದಿನ ನನ್ನನ್ನು ಸುಮ್ಮನೆ ನೋಡುತ್ತಿತ್ತು.

ಮರುದಿನ ಎಸ್‌ಟಿ ಹತ್ತಿ ಸೊಲ್ಲಾಪುರ.
ಚಾದರದ ಕಾರ್ಖಾನೆ, ಪತ್ರಾಸಿನ ಶೆಡ್ಡು.
ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ:
ಮೊದಲು ಕ್ಷಮೆ, ಆಮೇಲೆ ಬುದ್ಧಿ, ಕೊನೆಗೊಂದು ವಚನ.
ಒಳಗೆ ಇಪ್ಪತ್ತು ಮಗ್ಗ ಒಟ್ಟಿಗೆ ಬಡಿಯುತ್ತಿದ್ದವು.
"ಎಲೀಷಾ" ಎಂದು ಕೂಗಿದೆ.
ಹೊಲದಾಚೆಗೂ ಕೇಳುತ್ತಿದ್ದ ನನ್ನ ಮಾಸ್ತರಿಕೆಯ ಗಂಟಲು
ನನಗೇ ಕೇಳಲಿಲ್ಲ.
ಅವನು ನೋಡಿದ. ಹತ್ತಿರ ಬನ್ನಿ ಎಂದು ಕೈ ಮಾಡಿದ.
ಇನ್ನೂ ಹತ್ತಿರ.
ಅಲ್ಲಿ ಎಲ್ಲರೂ ಕಿವಿಗೆ ಬಾಯಿಟ್ಟೇ ಮಾತಾಡುವವರು.

ಅವನ ಕಿವಿಯ ಪಕ್ಕದ ಕೂದಲಲ್ಲಿ ಹತ್ತಿ ಕೂತಿತ್ತು.
ಅಷ್ಟು ಹತ್ತಿರದಿಂದ ಒಬ್ಬ ಮನುಷ್ಯನಿಗೆ
ಯೂದ ಅನ್ನಲು ಬರುವುದಿಲ್ಲ.
ಜೋಡಿಸಿದ್ದೆಲ್ಲ ಮರೆತು
"ಅಪ್ಪನ ಮಾತು ಎತ್ತಬಾರದಿತ್ತು" ಎಂದೆ.
ಕಡಿದ ಎಳೆಗೆ ಗಂಟು ಹಾಕುತ್ತಿದ್ದ,
ಬೆರಳು ನಿಲ್ಲಿಸಲಿಲ್ಲ.
ಆಮೇಲೆ ನನ್ನ ಕಿವಿಗೆ:
"ಮೊಬೈಲಿನ ಹಪ್ತೆಕ್ಕ ತಗೊಂಡಿದ್ದೆ ಸರ. ತಪ್ಪು.
ಪಗಾರ ಬಂದಂಗ ತೀರಸ್ತೀನಿ."
ತಪ್ಪು ಹೌದು, ಎಂದೆ.
ಹೌದು ಎನ್ನದಿದ್ದರೆ
ಅಷ್ಟು ದೂರ ಬಂದದ್ದೂ ಸುಳ್ಳಾಗುತ್ತಿತ್ತು.

ಬಸ್ಸಿನಲ್ಲಿ ನೋಡಿಕೊಂಡೆ, ತೋಳ ಮೇಲೆಲ್ಲ ಹತ್ತಿ,
ಕಿಸೆಯ ಪೆನ್ನಿಗೂ ಒಂದು ಎಳೆ ಸುತ್ತಿತ್ತು.

ನಾಳೆ ರವಿವಾರ.
ಬರುತ್ತೀಯಾ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.
ದೇವಾಲಯದ ಬೀಗ ತೆಗೆದು
ಡೋಲಕಿ ಇಳಿಸಿ ಧೂಳು ಒರೆಸಿದೆ.
ಬಾರಿಸಲು ಬರುವುದಿಲ್ಲ ನನಗೆ.
ಬೆರಳಿನಿಂದ ಒಮ್ಮೆ ತಟ್ಟಿ ನೋಡಿದೆ,
ಮೆಲ್ಲಗೆ.